ಮಾವನ ಮೂಲೆ

...ಮಾವ ಏನು ತಿಂದ್ರು ಅಂದ್ರೆ ಏನು ಹೇಳ್ಲಿ ಅಕ್ಕಾ? ಎಲ್ಲರೂ ತಿಂದಿದ್ದೇ ಅವರೂ ತಿಂದ್ರು! ಡಾಕ್ಟರಿಗೂ ಅದನ್ನೇ ಹೇಳಿದೀನಿ. ಎರಡು ಸಲ ಹೇಳಿದೀನಿ. ಈಗ ನಿಮ್ಮನ್ನ ಬೇರೆ ಕಳಿಸಿದ್ದಾರಾ? ಕೂತ್ಕೊಳ್ಳಿ. ಆಸ್ಪತ್ರೆಯಿಂದ ಬಂದಿದ್ದೀರಿ, ಮುಖ ಹೇಗೆ ಬಾಡಿದೆ ನೋಡಿ. ಟೀ ಇಡ್ಲಾ? ಬೇಡ್ವಾ... ನೀರಾದ್ರೂ?

ಸರಿ, ಮೊದಲಿಂದ ಹೇಳ್ತೀನಿ. ಮುಚ್ಚಿಡೋಕೆ ನನ್ನ ಹತ್ರ ಏನಿದೆ? ಭಾನುವಾರ ಸಂಜೆ ಟ್ರೇ ಮಾಡಿದ್ದೆ. ಅದೇ, ಪ್ರತಿ ಭಾನುವಾರ ಓವನ್ನಲ್ಲಿ ಬೇಯಿಸೋದು. ಒಂದೇ ಟ್ರೇ, ಇಡೀ ಮನೆಗೆ ಊಟ. ತಳಕ್ಕೆ ಬ್ರೆಡ್ಡಿನ ತುದಿ... ನಾನು ಕೆಲಸ ಮಾಡೋ ಬೇಕರೀಲಿ ಸ್ಯಾಂಡ್‌ವಿಚ್ಚಿಗೆ ಕತ್ತರಿಸಿದ ಮೇಲೆ ಉಳಿಯುತ್ತಲ್ಲ, ಅದು, ಅದಕ್ಕೆ ಯಾರೂ ಕಾಸು ಕೇಳಲ್ಲ. ಅದರ ಮೇಲೆ ಬೇಯಿಸಿದ ಆಲೂಗಡ್ಡೆ ಬಿಲ್ಲೆ, ಹುರಿದ ಈರುಳ್ಳಿ, ಡಬ್ಬಿ ಬಟಾಣಿ. ಹಾಲಿಗೆ ಎರಡು ಮೊಟ್ಟೆ ಒಡೆದು, ಕದಡಿ, ಮೇಲಿಂದ ಸುರಿಯೋದು. ಆಮೇಲೆ ಬ್ರೆಡ್ ಪುಡಿ, ಚೂರು ಚೀಸು. ಚೂರು ಅಂದ್ರೆ ಚೂರೇ! ನಿಮ್ಮಪ್ಪ ಪಕ್ಕದಲ್ಲೇ ನಿಂತಿರ್ತಾರಲ್ಲ, "ಸಾಕಮ್ಮ, ಸಾಕು" ಅಂತ. ಮುಕ್ಕಾಲು ಗಂಟೆ ಬೇಯಬೇಕು. ಮೇಲೆ ಕೆಂಪಗಾದ್ರೆ ಮುಗೀತು.

ಯಾಕೆ ನಗ್ತೀರಿ? ನಗಲಿಲ್ವಾ... ನಕ್ಕ ಹಾಗಾಯ್ತು ನನಗೆ.

ನಾಲ್ಕು ಜನಕ್ಕೆ ನಾಲ್ಕು ಮೂಲೆ. ನಿಮಗೇ ಗೊತ್ತಲ್ಲ, ನಿಮ್ಮಮ್ಮ ಇದ್ದಾಗಿಂದ ಈ ಮನೇಲಿ ಹಾಗೇ. ನಿಮ್ಮ ತಮ್ಮನ ಮೂಲೆಗೆ ಖಾರ ಜಾಸ್ತಿ. ಪುಟ್ಟಿ ಮೂಲೇಲಿ ಈರುಳ್ಳಿ ಕಂಡ್ರೆ ಮುಗೀತು, ಮನೆ ಎರಡಾಗುತ್ತೆ. ನನ್ನ ಮೂಲೆಗೆ ಏನು ಉಳಿಯುತ್ತೋ ಅದು. ಮಾವನ ಮೂಲೇಲಿ ಮಾತ್ರ ಬಟಾಣಿ ಒಳಗೆ ಹಾಕಲ್ಲ. ಬೆಂದು ಒಣಗಿ ಕಲ್ಲಾಗುತ್ತೆ, ಅವರ ಕಟ್ಟಿಸಿದ ಹಲ್ಲಿಗೆ ಆಗಲ್ಲ. ಟ್ರೇ ಆಚೆ ತೆಗೆದ ಮೇಲೆ, ಡಬ್ಬಿಯಿಂದ ಹಾಗೇ ಒಂದು ಸೌಟು ಮೇಲೆ ಹಾಕೋದು. ಮೆತ್ತಗಿರ್ಲಿ ಅಂತ. ನೋಡಿ, ಅಷ್ಟು ಮುತುವರ್ಜಿಯಿಂದ ಮಾಡ್ತೀನಿ ನಾನು ಅವರಿಗೆ!

ಎರಡು ಡಬ್ಬಿ ಬಟಾಣಿ. ಎರಡೇ. ಮೂರನೇದು... ಯಾವ ಮೂರನೇದು? ಎರಡು ಅಂದೆ ನಾನು.

ಕಿಟಕಿ ಕಡೆ ಯಾಕೆ ನೋಡ್ತೀರಿ? ಓ, ಖಾಲಿ ಡಬ್ಬಿಗಳಾ... ಅದು ನಿಮ್ಮಪ್ಪನ ಕೆಲಸ. ಊಟ ಆದ ಕೂಡಲೇ ತೊಳೆದು, ಒರೆಸಿ, ಸಾಲಾಗಿ ಇಟ್ಟಿದ್ದಾರೆ. ಹೌದು, ಮೂರಿದೆ. ಒಂದು ಹಳೇದು ಇರಬೇಕು! ಡಬ್ಬಿ ಎಣಿಸ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?

ಈ ಮನೇಲಿ ಏನನ್ನಾದ್ರೂ ಎಸೆಯೋಕೆ ಬಿಡ್ತಾರಾ ಅವರು? ನೀವು ಮದುವೆ ಆಗಿ ಹೋದ್ರಿ, ಬಚಾವಾದ್ರಿ. ನಾನು ಹನ್ನೊಂದು ವರ್ಷದಿಂದ ನೋಡ್ತಿದೀನಿ. ದಿನಾ ಬೆಳಿಗ್ಗೆ ಕಸದ ಬುಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತು ತಪಾಸಣೆ! ಅರ್ಧ ಕೊಳೆತ ಟೊಮೇಟೊ ಆಚೆ ಬರುತ್ತೆ, ಕೊಳೆತಿದ್ದು ಕತ್ತರಿಸಿ, ಉಳಿದಿದ್ದು ತಟ್ಟೇಲಿ ಇಟ್ಟಿರ್ತಾರೆ, ನಾನು ಅಡುಗೆಮನೆಗೆ ಬರೋ ಹೊತ್ತಿಗೆ. ಒಂದು ಮಾತು ಬೈಯಲ್ಲ. ಅದೇ ನೋಡಿ! ಬೈದಿದ್ರೆ ನಾನೂ ನಾಲ್ಕು ಮಾತು ಆಡಿ ಹಗುರಾಗ್ತಿದ್ದೆ. ಸುಮ್ಮನೆ ಇಡ್ತಾರೆ, ಸುಮ್ಮನೆ ಹೋಗ್ತಾರೆ. ಈಗ ನೀವು ಕೂತಿದ್ದೀರಲ್ಲ, ಥೇಟ್ ಹೀಗೇ. ಅಪ್ಪನ ಮಗಳೇ ನೀವು.

ಹೇಗಿದ್ದಾರೆ ಈಗ? ಕಣ್ಣು ಬಿಟ್ರಾ? ಇಲ್ವಾ... ರೆಪ್ಪೆ ಎತ್ತೋಕೇ ಆಗ್ತಿಲ್ಲ ಅಂತ ನಿಮ್ಮ ತಮ್ಮ ಫೋನಲ್ಲಿ ಅಂದ್ರು. ನಿನ್ನೆ ಮಾವ ಎಲ್ಲಾ ಎರಡೆರಡು ಕಾಣ್ತಿದೆ ಅಂದ್ರು, ನಾನು ಕನ್ನಡಕ ಬದಲಾಯಿಸ್ಬೇಕು ಅಂದ್ಕೊಂಡೆ. ಸಂಜೆ ಮಾತು ತೊದಲಿತು. ಲಕ್ವ ಇರಬೇಕು ಅಕ್ಕಾ, ವಯಸ್ಸಾಗಿಲ್ವಾ? ಡಾಕ್ಟರಿಗೇನು, ಬಾಯಿಗೆ ಬಂದಿದ್ದು ಹೇಳ್ತಾರೆ. ಊಟದ ವಿಷ ಆಗಿದ್ರೆ ಅದಕ್ಕೆ ಬೇರೇನೇ ಇಂಜೆಕ್ಷನ್ ಇದೆಯಂತೆ, ಕೆಟ್ಟ ಡಬ್ಬಿ ಏನಾದ್ರೂ ತಿಂದಿದ್ರಾ ಖಚಿತವಾಗಿ ಹೇಳಿ, ತಡ ಆದ್ರೆ ಉಸಿರೂ ನಿಂತು ಹೋಗುತ್ತೆ ಅಂತ... ಹ್ಞೂ, ನನಗೂ ಹೇಳಿದ್ರು. ನಾನೂ ಹೇಳಿದ್ನಲ್ಲ! ಒಂದೇ ಟ್ರೇ! ನಾವು ಮೂರು ಜನ ಗುಂಡುಕಲ್ಲಿನ ಹಾಗಿದ್ದೀವಿ!

ಏನಾದ್ರೂ ಮಾತಾಡಿ ಅಕ್ಕಾ. ಹೀಗೆ ನೋಡ್ಬೇಡಿ.

ಅಂದ ಹಾಗೆ ಪುಟ್ಟಿ ಎಲ್ಲಿ? ನಾನೇ ಶಾಲೆಯಿಂದ ಕರ್ಕೊಂಡು ಬರ್ತೀನಿ ಅಂತ ಮೆಸೇಜ್ ಹಾಕಿದ್ರಲ್ಲ. ಶಾಲೆ ಬಿಟ್ಟು ಒಂದು ಗಂಟೆ ಆಯ್ತು.

ಅಕ್ಕಾ? ಪುಟ್ಟಿ ಎಲ್ಲಿ ಅಂದೆ.

ತಲೆ ಯಾಕೆ ತಗ್ಗಿಸ್ತೀರಿ? ಅವಳು ಚೆನ್ನಾಗೇ ಇದ್ಲು. ಬೆಳಿಗ್ಗೆ ಹಾಲು ಕುಡಿದು ಹೋದ್ಲು... ಪೂರ್ತಿ ಕುಡೀಲಿಲ್ಲ. ಗಂಟಲಲ್ಲಿ ಇಳೀತಿಲ್ಲ ಅಂದ್ಲು. ಪರೀಕ್ಷೆ ಇದ್ರೆ ಹಾಗೇ ನಾಟಕ ಆಡ್ತಾಳೆ ಅಂತ ನಾನೇ ಗದರಿಸಿ ಕಳಿಸಿದೆ... ಊಟಕ್ಕೆ ಅವಳು ತಾತನ ಪಕ್ಕಾನೇ ಕೂರೋದು. ತನ್ನ ತಟ್ಟೆಯಿಂದ ಒಂದು ತುತ್ತು ಅವಳಿಗೆ ಇಡದೆ ಅವರು ತಿಂದಿದ್ದೇ ಇಲ್ಲ. ನಾನು ನೀರು ತರೋಕೆ ಎದ್ದಿದ್ದೆ, ಎರಡು ನಿಮಿಷ... ಕೊಟ್ರಾ? ಅಕ್ಕಾ, ಕೊಟ್ಟುಬಿಟ್ರಾ? ಅವಳನ್ನೂ ಆಸ್ಪತ್ರೇಲಿ ಮಲಗಿಸಿದ್ದೀರಾ? ಬಾಯಿ ಬಿಡಿ!

ಉಬ್ಬಿತ್ತು! ಡಬ್ಬಿ ಉಬ್ಬಿತ್ತು ಅಕ್ಕಾ, ಮೂರನೇದು! ಮುಚ್ಚಳ ಹೀಗೆ ಮೇಲೆ ಬಂದಿತ್ತು, ಒತ್ತಿದ್ರೆ ಟಕ್ ಅಂತಿತ್ತು. ನನಗೆ ಗೊತ್ತಿರಲ್ವಾ? ಬೇಕರೀಲಿ ಅಂಥದ್ದು ಬಂದ್ರೆ ಮುಟ್ಟೋಕೂ ಬಿಡಲ್ಲ ನಮ್ಮನ್ನ. ಗುರುವಾರ ಬುಟ್ಟಿಗೆ ಎಸೆದೆ. ಶುಕ್ರವಾರ ನೋಡಿದ್ರೆ ತೊಳೆದು ಒಲೆ ಪಕ್ಕ ಇಟ್ಟಿದ್ದಾರೆ. ಮತ್ತೆ ಎಸೆದೆ, ಮತ್ತೆ ಇಟ್ರು. ಭಾನುವಾರ ಮತ್ತೆ ಅದೇ ಜಾಗದಲ್ಲಿ! ಕೋಪ ನೆತ್ತಿಗೇರಿತು. ಅಷ್ಟು ಬೇಕಾ? ತಿನ್ನಿ, ನೀವೇ ತಿನ್ನಿ ಅಂತ... ಅವರ ಮೂಲೆಗೆ, ಅವರ ಮೂಲೆಗೆ ಮಾತ್ರ ಹಾಕಿದೆ. ಎರಡು ದಿನ ಹೊಟ್ಟೆ ಕೆಟ್ಟು ಒದ್ದಾಡ್ಲಿ, ಬುದ್ಧಿ ಬರ್ಲಿ ಅಂತ, ಅಷ್ಟೇ! ಸಾಯ್ಲಿ ಅಂತಲ್ಲ, ಪುಟ್ಟಿ ಆಣೆಗೂ ಅಲ್ಲ. ಡಾಕ್ಟರು ಕೇಳಿದಾಗ ನಾಲಿಗೆ ಏಳಲಿಲ್ಲ ನನಗೆ. ಫೋನ್ ಮಾಡಿ ಅಕ್ಕಾ, ಬೇಗ! ಆ ಇಂಜೆಕ್ಷನ್ ನನ್ನ ಮಗೂಗೆ...

ಬಾಗಿಲಲ್ಲಿ ಯಾರು? ಪುಟ್ಟೀ!

ಬಾ, ಇಲ್ಲಿ ಬಾ. ಕಣ್ಣು ತೋರಿಸು. ನನ್ನ ಹೆಸರು ಹೇಳು, ಜೋರಾಗಿ ಹೇಳು... ಎಲ್ಲಿದ್ಯೇ ಇಷ್ಟು ಹೊತ್ತು? ಕೆಳಗೆ ಟೈಲರ್ ಆಂಟಿ ಅಂಗಡೀಲಾ? ಅತ್ತೆ ಅಲ್ಲೇ ಕೂರು ಅಂದ್ರಾ?

ಅಕ್ಕಾ... ಅವಳಿಗೆ ಹುಷಾರಿಲ್ಲ ಅಂತ ನೀವು ಒಂದು ಮಾತೂ ಆಡಲಿಲ್ವಲ್ಲ. ಬರೀ ಸುಮ್ಮನಿದ್ರಿ. ಹ್ಞೂ, ಮಾಡಿ, ಫೋನ್ ಮಾಡಿ. ನಾನೇನು ನಿಮ್ಮ ಕೈ ಹಿಡಿಯಲ್ಲ.

ಪುಟ್ಟಿ, ಭಾನುವಾರ ತಾತ ನಿನಗೆ ಬಟಾಣಿ ಕೊಟ್ರಾ? ನಿಜ ಹೇಳು, ಬೈಯಲ್ಲ... ಕೊಡಲಿಲ್ವಾ? ನೀನು ಕೇಳಿದ್ರೂ? ರುಚಿ ಕೆಟ್ಟಿದೆ, ನೀನು ಮುಟ್ಟಬೇಡ ಅಂದ್ರಾ? ಹಾಗಿದ್ರೆ ತಾವು ಯಾಕೆ... ಏನಂದೆ? ಇನ್ನೊಂದು ಸಲ ಹೇಳು.

"ಅಮ್ಮ ಕೆಲಸದಿಂದ ದಣಿದು ಬಂದು ಮಾಡಿದ್ದಾಳೆ, ಬಿಟ್ರೆ ನೊಂದ್ಕೋತಾಳೆ" ಅಂದ್ರಾ?

ಅಕ್ಕಾ, ಫೋನ್ ಕೊಡಿ ಇಲ್ಲಿ. ಡಾಕ್ಟರಿಗೆ ನಾನೇ ಹೇಳ್ತೀನಿ.