ಗೇಣಗಲದ ತೊಗಟೆ

“ಈ ಮಳೆಗೂ ಬರ್ತಾನೇನೋ ಅವನು?”

ಯಾರನ್ನೂ ಕೇಳಿದ್ದಲ್ಲ, ತೊಗಟೆ ಒಣಗಿಸುವ ಶೆಡ್ಡಿನ ಮುಚ್ಚಿದ ಬಾಗಿಲು ನೋಡುತ್ತ ಅಜ್ಜಿ ಅಂದದ್ದು. ಸಂಜೆಯ ಮಳೆಗೆ ಕರೆಂಟು ಹೋಗಿತ್ತು. ಕಷಾಯದ ತೊಗಟೆ ಕತ್ತರಿಸುತ್ತಿದ್ದ ನಾವು ನಾಲ್ವರು ಕತ್ತಿ ಕೆಳಗಿಟ್ಟು ಹತ್ತಿರ ಸರಿದೆವು. ನಮಗೆಲ್ಲ ಕೆಲಸ ಹಂಚುವ ಅಕ್ಕ, ಅಜ್ಜಿಯ ಒಬ್ಬಳೇ ಮಗಳು, ಲಾಂದ್ರ ಹಚ್ಚಿ ತಾಯಿಯ ಬೆನ್ನ ಹಿಂದೆ ಕೂತಳು.

“ಯಾರಜ್ಜೀ, ನಿನ್ನ ಗಂಡನಾ?” ಎಂದಳು ನಮ್ಮಲ್ಲೊಬ್ಬಳು.

“ಗಂಡ ಬರೋ ಹಾಗಿದ್ರೆ ಬಾಗಿಲು ತೆಗೆದಿಡ್ತಿರ್ಲಿಲ್ವೇನೇ? ನನ್ನಣ್ಣ ಕಣ್ರೇ... ಗೇಣಣ್ಣ ಅಂತಿದ್ರು ಎಲ್ರೂ, ಮಾತನ್ನೂ ಗೇಣು ಹಾಕಿ ಆಡೋನು. ಕಾಡಲ್ಲೊಂದು ಹಳೇ ಮರ ಇತ್ತು, ಹಣ್ಣು ತಿಂದ್ರೆ ಹಸಿವು ಹೋಗೋದು, ತೊಗಟೆ ಕುದಿಸಿ ಕುಡಿದ್ರೆ ಎಂಥಾ ಜ್ವರ ಇದ್ರೂ ಇಳಿಯೋದು. ವರ್ಷಕ್ಕೆ ಒಂದೇ ಕಡೆ, ಒಂದೇ ಗೇಣು ಸುಲೀಬೇಕು, ಸುತ್ತ ಸುಲಿದ್ರೆ ಮರ ಸಾಯುತ್ತೆ ಅಂತ ನಮಗೆಲ್ಲ ಕಲಿಸಿದ್ದೇ ಅವನು. ಆದ್ರೆ ನನ್ನ ಈ ಮಗಳಿಗೆ ಮೂರು ವರ್ಷ ಇದ್ದಾಗ ಜ್ವರ ಬಂತಲ್ಲ... ಒಂದು ಗೇಣು ಕುಡಿಸಿದ್ವಿ, ಇಳೀಲಿಲ್ಲ. ಇನ್ನೊಂದು ಗೇಣು, ಇಳೀಲಿಲ್ಲ. ಮಗೀನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಸುತ್ತ ಸುಲಿದು ತಾರೋ ಅಂತ ಅವನ ಕಾಲು ಹಿಡಿದೋಳು ನಾನೇ. ತಾಯಿಯಾದೋಳು ಇನ್ನೇನು ಮಾಡ್ಬೇಕಿತ್ತು, ಹೇಳಿ?

ತಂದ. ಜ್ವರ ಇಳೀತು. ಅವನು ಮಾತ್ರ ಹಸಿ ಮಣ್ಣು, ಬಟ್ಟೆ ತಗೊಂಡು, ಮರದ ಗಾಯ ಕಟ್ತೀನಿ ಅಂತ ವಾಪಸ್ ಹೋದ... ಮೂರನೇ ದಿನ ಹುಡುಕಿದ್ವಿ. ಸುಲಿದ ಜಾಗಾನ ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದ. ನಿಂತೇ ಸತ್ತಿದ್ದ. ಬಿಡಿಸೋಕೆ ಹೋದ್ರೆ... ಎದೆಯ ಚರ್ಮ ಮರಕ್ಕೇ ಅಂಟಿ ಉಳೀತು.

ಅವತ್ತೇ ಮಗೂಗೆ ನೀರು ಹಾಕ್ತಿದ್ದೆ, ಸೊಂಟದ ಸುತ್ತ ಕೈಗೆ ಏನೋ ಒರಟು ತಾಗ್ತು. ನೋಡಿದ್ರೆ ತೊಗಟೆ. ಗೇಣಗಲ. ಉಗುರಲ್ಲಿ ಕೆರೆದ್ರೆ... ರಕ್ತ ಬಂತು.”

ನಾವು ಅಕ್ಕನ ಕಡೆ ತಿರುಗಿದೆವು. ಹತ್ತು ವರ್ಷ ಜೊತೆಗೆ ದುಡಿದಿದ್ದೆವು. ಎಂಥ ಸೆಕೆಯಲ್ಲೂ ಸೊಂಟಕ್ಕೆ ಬಿಗಿದ ಆ ದಪ್ಪ ಬಟ್ಟೆಯನ್ನು ಅವಳು ಬಿಚ್ಚಿದ್ದನ್ನು ಒಬ್ಬರೂ ಕಂಡಿರಲಿಲ್ಲ. ಈಗ ಅವಳ ಎರಡೂ ಕೈ ಅದರ ಮೇಲಿದ್ದವು. ಚಿಕ್ಕಂದಿನಿಂದ ಬಾಯಿಪಾಠವಿದ್ದ ದೇವರ ಪದ್ಯ ನನ್ನ ನಾಲಿಗೆಯಲ್ಲಿ ಮೊದಲ ಸಾಲಿಗೇ ನಿಂತುಹೋಯಿತು.

ಬಾಗಿಲು ತಟ್ಟಿದ ಸದ್ದು. ಗಾಳಿಯಲ್ಲ, ಬೆರಳು.

“ತಂಗೀ...” ಮೆಲ್ಲಗೆ, ಅಳೆದು ಆಡಿದ ಮಾತು. “ಮರ ಇನ್ನೂ ಒಣಗ್ತಾ ಇದೆ. ಮಗೀನ ಸೊಂಟದಲ್ಲಿರೋದನ್ನ ಸುಲಿದು ಕೊಡೇ.”

ಅಜ್ಜಿ ಕತ್ತಿಗಳನ್ನೆಲ್ಲ ತನ್ನ ಮಡಿಲಿಗೆ ಎಳೆದುಕೊಂಡು, ಮಗಳಿಗೆ ಅಡ್ಡವಾಗಿ ಕೂತಳು.

“ಕೊಡಲ್ಲ ಕಣೋ,” ಅಂದಳು.