ಒಂದರ ಪಕ್ಕದ ಚುಕ್ಕೆ

ಶ್ರೀಕಾರ್ಯಂನಲ್ಲಿ ಬಸ್ಸು ಹತ್ತಿದ ಅಕ್ಕ ತಮ್ಮ ನನ್ನ ಮುಂದಿನ ಸೀಟಿನಲ್ಲಿ ಕೂತು ಕನ್ನಡದಲ್ಲಿ ಮಾತಾಡತೊಡಗಿದರು. ನಾನು ಕಿವಿಯಿಂದ ಇಯರ್‌ಫೋನ್ ತೆಗೆದೆ. ತಿರುವನಂತಪುರದಲ್ಲಿ ಕನ್ನಡ ಕಿವಿಗೆ ಬಿದ್ದರೆ ಕದ್ದು ಕೇಳುವ ಈ ಚಟ ಬಿಡುವುದು ಕಷ್ಟ. ತಮ್ಮನ ತೊಡೆಯ ಮೇಲೆ ಲ್ಯಾಪ್‌ಟಾಪ್, ಅಕ್ಕನ ತೊಡೆಯ ಮೇಲೆ ಗಂಜಿಯ ಫ್ಲಾಸ್ಕ್.

“ಏನೋ ಇದು ಪ್ರಣವ್, ಈ ಲೆಕ್ಕದ ಪ್ರೋಗ್ರಾಂಗೆ ನೀನು ಸೈನ್ ಒಂದು ಎಷ್ಟು ಅಂದ್ರೆ ಅದೂ ಸೈನ್ ಒಂದು ಅಂತಾನೇ ಹೇಳ್ತಿದೆ? ಕೆಟ್ಟೋಗಿದ್ಯಾ?”

“ಇಲ್ಲ ಅಕ್ಕ. ಸೈನ್ ಮೂವತ್ತು ಡಿಗ್ರಿ ಕೇಳಿದ್ರೆ ಅರ್ಧ ಅಂತ ಹೇಳುತ್ತೆ. ಸೈನ್ ಒಂದಕ್ಕೆ ಹಾಗೆ ಕರಾರುವಾಕ್ಕಾದ ಉತ್ತರ ಬರೆಯೋಕಾಗಲ್ಲ. ಅಂದಾಜು ಹೇಳೋ ಬದಲು ಪ್ರಶ್ನೆನೇ ವಾಪಸ್ ಕೊಡುತ್ತೆ.”

“ನಮ್ಮ ಡಾಕ್ಟರ್ ಥರ. ಅಮ್ಮ ಹೇಗಿದ್ದಾರೆ ಅಂದ್ರೂ ‘ನೋಕ್ಕಾಂ’, ಮನೆಗೆ ಯಾವಾಗ ಅಂದ್ರೂ ‘ನೋಕ್ಕಾಂ’.”

“ನೋಡೋಣ ಅಂತಾರಲ್ಲ, ಅದು ಒಳ್ಳೇದೇ ಅಲ್ವಾ?”

ಅಕ್ಕ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ, ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದಳು.

“ಅಂದಾಜಾದ್ರೂ ಬೇಕು ಅಂದ್ರೆ?”

“ಒಂದರ ಪಕ್ಕ ಚುಕ್ಕೆ ಇಡಬೇಕು, ಒಂದು ಪಾಯಿಂಟ್ ಸೊನ್ನೆ ಅಂತ. ಚುಕ್ಕೆ ಕಂಡ್ರೆ ಇವರಿಗೆ ಅಂದಾಜು ಸಾಕು ಅಂತ ತಿಳ್ಕೊಂಡು ಸಂಖ್ಯೆ ಹೇಳಿಬಿಡುತ್ತೆ.”

“ಹೇಳಿಬಿಡುತ್ತೆ,” ಎಂದಳು ಅಕ್ಕ, ಮೆಲ್ಲಗೆ.

ತಮ್ಮ ಲ್ಯಾಪ್‌ಟಾಪ್ ಮುಚ್ಚಿದ.

“ಅಕ್ಕ, ನಿನ್ನೆ ನನ್ನನ್ನ ಚಾಯ ತರೋಕೆ ಕಳಿಸಿ ನೀನೊಬ್ಬಳೇ ಡಾಕ್ಟರ್ ಹತ್ರ ಹೋಗಿದ್ಯಲ್ಲ.”

“ಹೂಂ.”

“ಚುಕ್ಕೆ ಇಟ್ಟು ಕೇಳಿದ್ಯಾ?”

“ಉಳ್ಳೂರ್ ಬಂತು, ಆಸ್ಪತ್ರೆ ಸ್ಟಾಪು, ಏಳು,” ಎಂದು ಅಕ್ಕ ಫ್ಲಾಸ್ಕಿನ ಜೊತೆಗೆ ಅವನ ಲ್ಯಾಪ್‌ಟಾಪನ್ನೂ ತಾನೇ ಎತ್ತಿಕೊಂಡು ಇಳಿದಳು.