ಟಿಪ್ಪಣಿಯೂ ಒಂದು ಎಲೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ, ನಾವೆಲ್ಲ ಅಕ್ಕ ಎಂದೇ ಕರೆಯುವ ನಮ್ಮ ಹಿರಿಯ ಪ್ರೋಗ್ರಾಮರ್ ಅವರೇ, ತಿಂಡಿಯ ವಾಸನೆ ಮೂಗಿಗೆ ಬಡಿದರೂ ಅಲುಗಾಡದೆ ಕೂತಿರುವ ಸಭಿಕರೇ,

ಎರಡೇ ಮಾತು ಆಡಿ ಮುಗಿಸುತ್ತೇನೆ. ನಗಬೇಡಿ, ಈ ಸಲ ನಿಜ.

ನಮ್ಮ ಪ್ರಕಾಶನ ಸಂಸ್ಥೆಗೆ ಹೆಸರು ತಂದದ್ದು ಯಾವುದು? ಮರ! ಹೊಸಬರಿಗಾಗಿ ಹೇಳುತ್ತೇನೆ. ಲೇಖಕರ ಕಡತದಲ್ಲಿ ಬರಹದ ನಡುನಡುವೆ ಇದು ಶೀರ್ಷಿಕೆ, ಇದು ಪ್ಯಾರಾ, ಇದು ದಪ್ಪಕ್ಷರ ಎಂಬ ಗುರುತುಗಳಿರುತ್ತವೆ. ನಮ್ಮ ಪ್ರೋಗ್ರಾಂ ಅದನ್ನು ಓದಿ ಮರ ಕಟ್ಟುತ್ತದೆ. ಪುಸ್ತಕವೇ ಬುಡ, ಅಧ್ಯಾಯ ಕೊಂಬೆ, ಪ್ಯಾರಾ ರೆಂಬೆ, ಮಾತುಗಳು ಎಲೆ. ಯಾವ ಎಲೆ ಯಾವ ರೆಂಬೆಯದು ಎಂದು ಗೊತ್ತಾದರೆ ಪುಸ್ತಕವನ್ನು ಹೇಗೆ ಬೇಕಾದರೂ ಅಚ್ಚು ಹಾಕಬಹುದು. ಆ ಮರಕ್ಕಾಗಿ ನನಗೆ ಮೂರು ಪ್ರಶಸ್ತಿ ಬಂದವು. ಮೂರೂ ನನ್ನ ಕೋಣೆಯಲ್ಲಿವೆ, ಧೂಳು ಕೂರದ ಹಾಗೆ ನಾನೇ ಒರೆಸುತ್ತೇನೆ.

ಅಕ್ಕನ ಕೊಡುಗೆ ಸಣ್ಣದೇ? ಖಂಡಿತ ಅಲ್ಲ. ಮೊದಲ ಕರಡು ಅವರದೇ. ಅಂದರೆ... ಹೆಚ್ಚುಕಡಿಮೆ ಎಲ್ಲವೂ. ನಾನಾಗ ಕೆಲಸಕ್ಕೆ ಸೇರಿ ಎರಡು ತಿಂಗಳು, ಕಣ್ಣು ಕಣ್ಣು ಬಿಡುತ್ತಿದ್ದೆ. ಹಾಳೆಯ ಮೇಲೆ ಮರ ಬರೆದು ತೋರಿಸಿದವರು ಅವರು. ನಾನು ಮಾಡಿದ್ದು ಒಂದು ಸುಧಾರಣೆ. ಸಂಪಾದಕರು ಓದುಗರಿಗಲ್ಲದೆ ತಮಗಷ್ಟೇ ಎಂದು ಕಡತದೊಳಗೆ ಟಿಪ್ಪಣಿ ಬರೆದುಕೊಳ್ಳುತ್ತಾರಲ್ಲ, ಅಕ್ಕನ ಮರದಲ್ಲಿ ಅವೂ ಎಲೆಗಳೇ. ಅಚ್ಚಿಗೂ ಬರುತ್ತಿದ್ದವು.

“ಅಕ್ಕಾ, ಈ ಕಸ ಯಾಕೆ ಹೊರಬೇಕು?” ಅಂದೆ.

“ಒಬ್ಬರು ಬರೆದದ್ದನ್ನ ಬಿಸಾಡೋಕೆ ನಾವ್ಯಾರಪ್ಪ?” ಅಂದರು.

ನನ್ನ ಹೊಸ ಪ್ರೋಗ್ರಾಂನಲ್ಲಿ ನಾನು ಟಿಪ್ಪಣಿಗಳನ್ನೆಲ್ಲ ಉದುರಿಸಿಬಿಟ್ಟೆ. ಪ್ರೋಗ್ರಾಂನ ಕೈಪಿಡಿಯಲ್ಲಿ ಅಕ್ಕನ ಹೆಸರಿದ್ದದ್ದೂ ಒಂದು ಟಿಪ್ಪಣಿಯಲ್ಲೇ. ಅದೂ ಉದುರಿತು. ಏನು ಮಾಡೋದು, ನಿಯಮ ಅಂದಮೇಲೆ ಎಲ್ಲರಿಗೂ ಒಂದೇ ಅಲ್ಲವೇ?

ಇರಲಿ. ಈ ಬೀಳ್ಕೊಡುಗೆ ಪತ್ರ ನಿನ್ನೆ ನಾನೇ ಬರೆದೆ. ಅಚ್ಚು ಹಾಕಲು ಪುರುಸೊತ್ತಾಗದೆ ಕಡತವನ್ನು ಅಕ್ಕನ ಕೈಗೇ ಕೊಟ್ಟೆ. “ಆಯ್ತಪ್ಪ, ನನ್ನ ಹಳೇ ಮಷೀನಲ್ಲೇ ಹಾಕ್ಕೊಡ್ತೀನಿ” ಅಂದರು. ಆ ಮಷೀನಿಗೆ ನನ್ನ ಹೊಸ ಪ್ರೋಗ್ರಾಂ ಹಾಕಿಸಿಕೊಳ್ಳಲು ಅವರು ಎಂದೂ ಒಪ್ಪಿದವರಲ್ಲ. ಆದರೂ ತಮ್ಮ ಪತ್ರ ತಾವೇ ಅಚ್ಚು ಹಾಕಿದರು ನೋಡಿ, ಎಂಥ ದೊಡ್ಡ ಮನಸ್ಸು! ಓದುತ್ತೇನೆ.

“ಮೂವತ್ತು ವರ್ಷ ನಿಷ್ಠೆಯಿಂದ ದುಡಿದು, ನಮ್ಮ ಮರದ ಕೆಲಸದಲ್ಲಿ ನೆರವಾದ ಅಕ್ಕನಿಗೆ ಗೌರವಪೂರ್ವಕ ವಂದನೆ. ಟಿಪ್ಪಣಿ: ನೆರವಾದದ್ದಲ್ಲ, ಮರವನ್ನು ಪೂರ್ತಿ ಕಟ್ಟಿದವರೇ ಅವರು. ಪ್ರಶಸ್ತಿಗಳೂ ಅವರವೇ. ಬಾಯಿಬಿಟ್ಟು ಹೇಳಲು ನನಗೆ ಧೈರ್ಯ...”

ಅಯ್ಯೋ.

ಸ್ವಲ್ಪ ನೀರು ಕೊಡಿ.

ಇಲ್ಲ ಅಧ್ಯಕ್ಷರೇ, ಅಚ್ಚಿನ ತಪ್ಪಲ್ಲ. ನಾನೇ ಬರೆದದ್ದು. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತು; ಹೇಗೂ ಉದುರಿಹೋಗುತ್ತದೆ ಅಂತಲೇ ಬರೆದೆ. ಅಕ್ಕನ ಹಳೇ ಮಷೀನು ಏನನ್ನೂ ಉದುರಿಸೋದಿಲ್ಲ ಅನ್ನೋದು ಕಡತ ಕೊಡುವಾಗ ನೆನಪಿಗೇ ಬರಲಿಲ್ಲ. ಅಕ್ಕಾ, ನಾಚಿಕೆಯಾಗ್ತಿದೆ. ಬಗ್ಗಿ ಚೀಲದಲ್ಲಿ ಏನೋ ಹುಡುಕೋ ಹಾಗೆ ಮಾಡಬೇಡಿ, ನೀವು ನಗ್ತಿರೋದು ಇಲ್ಲಿಂದ ಕಾಣುತ್ತೆ.

ಯಾರಾದರೂ ಹೋಗಿ ಆ ಮೂರು ಪ್ರಶಸ್ತಿಗಳನ್ನು ತನ್ನಿ, ಬೀಗದ ಕೈ ತಗೊಳ್ಳಿ. ಅವು ಅಕ್ಕನ ಕೈ ಸೇರುವವರೆಗೆ ಯಾರೂ ತಿಂಡಿಗೆ ಏಳಬಾರದು. ಒರೆಸೋದು ಬೇಡ, ಬೆಳಿಗ್ಗೆಯಷ್ಟೇ ಒರೆಸಿದ್ದೇನೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಬಿಸಾಡದ ಅಕ್ಕನಿಗೆ ನಮಸ್ಕಾರ.